ಮಾವನಿಗೊಂದು ಲೈಸೆನ್ಸು

ಬಿ-ಕಾಂಪ್ಲೆಕ್ಸ್ ಗುಳಿಗೆಗೆ ಒಂದು ವಾಸನೆ ಇದೆ. ಯಾರೂ ಅದನ್ನು ಹೊಗಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಕಳೆದ ವಾರ ಕುಂದಾಪುರದಲ್ಲಿ ಬೈಂದೂರು ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಯಾರದೋ ಚೀಲದಿಂದ ಆ ವಾಸನೆ ಬಂತು. ಹಿಂದೆ ಒಣಮೀನಿನ ಬುಟ್ಟಿ. ಎರಡಕ್ಕೂ ಒದ್ದೆ ಕೊಡೆಗಳ ಮುಗ್ಗಲು ಸೇರಿಕೊಂಡು ಮೂಗಿಗೆ ಬಡಿದದ್ದೇ ತಡ, ಸದಾನಂದ ಮಾವ ಸರಕಾರದ ಹತ್ತಿರ ಲೈಸೆನ್ಸ್ ಬೇಡಿ ಬೇಡಿ ಕೊನೆಗೆ ಜೈಲಿನ ಬಾಗಿಲವರೆಗೆ ಹೋಗಿ ಬಂದ ಆ ಮಳೆಗಾಲ ಇಡಿಯಾಗಿ ನೆನಪಾಯಿತು.

ಆಗ ನಾನು ಲಾ ಮುಗಿಸಿ, ವಕೀಲಿಕೆಯ ಸನ್ನದು ಬರುವುದನ್ನು ಕಾಯುತ್ತ ಹೆಮ್ಮಾಡಿಯ ಮನೆಯಲ್ಲಿದ್ದೆ. ಕಾಲೇಜಿನಲ್ಲಿದ್ದಷ್ಟು ದಿನ, ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಹೋಗಿ, ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ, ಪರ್ಯಾಯ ಫಲಕ ಎತ್ತಿಕೊಂಡು ಬರುತ್ತಿದ್ದವಳು. ಅದರಿಂದ ಆದ ಹಾನಿ ಎಂದರೆ, ಯಾರು ಏನು ಹೇಳಿದರೂ “ಆಧಾರ ಏನು?” ಎಂದು ಕೇಳುವ ಅಭ್ಯಾಸ ಮೈಗೆ ಅಂಟಿತ್ತು. ಜಾತಕ ನೋಡುವವರನ್ನು ಕೇಳಿದೆ. ಹವಾಮಾನ ಹೇಳುವವರನ್ನು ಕೇಳಿದೆ. ಸಾರಿಗೆ ಉಪ್ಪು ಸರಿಯಾಗಿದೆ ಎಂದ ಅಮ್ಮನನ್ನೂ ಕೇಳಿದೆ. ಅಮ್ಮ ಸೌಟು ಎತ್ತಿ ತೋರಿಸಿದಳು. ಆಧಾರವೆಂದು ಒಪ್ಪಿಕೊಂಡೆ.

ಸದಾನಂದ ಮಾವ ಅಮ್ಮನ ತಮ್ಮ. ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಸಾಕೆನಿಸಿ ಊರಿಗೆ ಬಂದು, ನಮ್ಮ ಮನೆಯ ಪಕ್ಕದಲ್ಲೇ ಮನೆ ಕಟ್ಟಿಸಿಕೊಂಡಿದ್ದರು. ಅವರಿಗೆ ಎರಡು ಹುಚ್ಚು. ಒಂದು, ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಎದುರುಬದುರು ಕೂತು ಬರೀ ಮಾತಿನಲ್ಲೇ ಕಾದಾಡುವ ಕೂಟ. ಮಳೆಗಾಲವಿಡೀ ಮಾವ ಅದರಲ್ಲಿ ಅರ್ಥ ಹೇಳಲು ಹೋಗುತ್ತಿದ್ದರು. ಸಣ್ಣ ಪಾತ್ರ ಕೊಟ್ಟರೂ ದೊಡ್ಡ ಪಾತ್ರದಷ್ಟು ಮಾತಾಡುತ್ತಿದ್ದುದರಿಂದ ಸಂಘಟಕರು ಅವರನ್ನು ಹೆದರಿಕೊಂಡೇ ಕರೆಯುತ್ತಿದ್ದರು. ಇನ್ನೊಂದು ಹುಚ್ಚು, ಆರಾಮ್ ಕಾರ್ಡ್.

ಆರಾಮ್ ಕಾರ್ಡ್ ಅವರದೇ ಸೃಷ್ಟಿ. ಹೆಮ್ಮಾಡಿ ಜಂಕ್ಷನ್ನಿನಲ್ಲಿ ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ಕಪಾಟು, ಒಂದು ಫೋನು. ಗೇರುಬೀಜದ ಫ್ಯಾಕ್ಟರಿಯ ಹೆಂಗಸರು, ಗಂಗೊಳ್ಳಿಯ ಮೀನಿನವರು, ಬಸ್ರೂರು ಕಡೆಯ ಕೂಲಿಯವರು ಆ ಕಾರ್ಡ್ ಮಾಡಿಸಿಕೊಂಡರೆ ಕುಂದಾಪುರದ ಕೆಲವು ಮೆಡಿಕಲ್‌ಗಳಲ್ಲಿ ಮದ್ದು ಕಡಿಮೆ ದರಕ್ಕೆ ಸಿಗುತ್ತಿತ್ತು. ಯಾವ ಮೆಡಿಕಲ್‌ನಲ್ಲಿ ಸಿಗಬೇಕು, ಯಾವ ಕಂಪೆನಿಯ ಮಾತ್ರೆ ಸಿಗಬೇಕು, ಎಷ್ಟು ಕಡಿಮೆಗೆ ಸಿಗಬೇಕು ಎಂಬುದನ್ನೆಲ್ಲ ಬ್ರಹ್ಮಾವರದ ಸಗಟು ಮದ್ದಿನ ಸ್ಟಾಕಿಸ್ಟ್ ಹತ್ತಿರ ಚೌಕಾಸಿ ಮಾಡಿ ಮಾವನೇ ಗೊತ್ತುಮಾಡುತ್ತಿದ್ದರು. ಅವರ ಸ್ವಂತದ್ದು ಎಂದು ಒಂದು ಗುಳಿಗೆಯೂ ಇರಲಿಲ್ಲ. ಊರಿನ ಗುಳಿಗೆಗಳೆಲ್ಲ ಅವರನ್ನು ಕೇಳಿ ನಡೆಯುತ್ತಿದ್ದವು. 

ಆ ಮಳೆಗಾಲದ ಜಗಳ ಶುರುವಾದದ್ದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ.

“ಮಾವ, ಒಂದ್ ಪ್ರಶ್ನೆ. ನೀವ್ ಯಾರ್?” ಎಂದೆ.

“ಎಂತ ಹೆಣೆ, ಕಣ್ ಕಾಂತಿಲ್ಯಾ? ನಿನ್ನ ಮಾವ.”

“ಅದಲ್ಲ. ಕಾನೂನಿನ ಪ್ರಕಾರ ಯಾರ್? ಮದ್ದಿನಂಗಡಿಯವ್ರಾ?”

“ಅಲ್ಲ.”

“ಡಾಕ್ಟ್ರಾ?”

“ಛೆ ಛೆ.”

“ಇನ್ಶೂರೆನ್ಸಿನವ್ರಾ?”

“ಅದೂ ಅಲ್ಲ ಮಾರಾಯ್ತಿ.”

“ಹಾಂಗಾರೆ ಗುಲಾಬಿಯಕ್ಕನ ಸಕ್ಕರೆ ಕಾಯಿಲೆ ಮಾತ್ರೆ ಬದಲ್ ಮಾಡುಕೆ ನಿಮ್ಗೆ ಲೈಸೆನ್ಸ್ ಕೊಟ್ಟದ್ ಯಾರ್?”

ಗುಲಾಬಿಯಕ್ಕ ಗಂಗೊಳ್ಳಿಯವಳು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯದ ಕಾರಣ ಒಣಮೀನಿನ ಬುಟ್ಟಿ ಹೊತ್ತು ಬಂದು, ಮಾವನ ಆಫೀಸಿನ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದೆಸಿಕೊಂಡು ಕೂರುತ್ತಿದ್ದಳು. ಅವಳು ಬಹಳ ಕಾಲದಿಂದ ತಿನ್ನುತ್ತಿದ್ದ ಮಾತ್ರೆಯ ಬದಲಿಗೆ ಬೇರೆ ಕಂಪೆನಿಯ ಮಾತ್ರೆ ಬಂದದ್ದನ್ನು ಅವಳೇ ನನಗೆ ತೋರಿಸಿದ್ದಳು.

“ಒಳಗಿನ ಮದ್ದ್ ಒಂದೇ. ಹೊರಗಿನ ಕಾಗದ ಬೇರೆ. ಅಗ್ಗ,” ಎಂದರು ಮಾವ.

“ನಿಮ್ಗೆ ಅದ್ರಲ್ಲಿ ಎಂತ ಸಿಕ್ಕತ್ತ್?”

“ಒಂಚೂರ್.”

“ಅದನ್ನ್ ಅವ್ಳಿಗೆ ಹೇಳಿದ್ರ್ಯಾ?”

“ಅವ್ಳ್ ಕೇಂಡಿದ್ಳಾ?”

ಎದುರಾಳಿ ಹೀಗೆ ಬಾಗಿಲು ತೆರೆದಿಟ್ಟರೆ ನಾನು ಸುಮ್ಮನೆ ಹೊರಗೆ ನಿಲ್ಲುವವಳಲ್ಲ. “ಅಮೆರಿಕದಲ್ಲಿ ನಿಮ್ಮಂಥವ್ರಿಗೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಅಂತ ಹೆಸರು. ಅಲ್ಲಿ ಎಷ್ಟೋ ರಾಜ್ಯದಲ್ಲಿ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಇತ್ತ್. ಇಲ್ದೆ ಮಾಡಿದ್ರೆ ದಂಡ. ಮಧ್ಯದಲ್ಲಿ ಕೂತವ ಯಾರಿಗೂ ಕಾಣದ ಹಾಂಗೆ ಎರಡೂ ಕಡೆಯಿಂದ ಬಾಚ್ಕಂಬುದಿತ್ತಲ್ದಾ, ಅದಕ್ಕೆ,” ಎಂದು ಮುಗಿಸಿ, ನಿರ್ಣಾಯಕರ ಕಡೆ, ಎಂದರೆ ಅಮ್ಮನ ಕಡೆ, ನೋಡಿದೆ. ಅಮ್ಮ ಮಜ್ಜಿಗೆ ಬಡಿಸುತ್ತಿದ್ದಳು.

ಮಾವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, “ಎಂತ ಅಂದೆ? ಇನ್ನೊಂದ್ ಸಲ ಹೇಳ್,” ಎಂದರು. ಹೇಳಿದೆ. ಅವರ ಮುಖದಲ್ಲಿ ಒಂದು ಬೆಳಕು ಹರಡಿತು. ಇಷ್ಟು ದಿನ ತಾನು ಮಾಡುತ್ತಿದ್ದ ಕೆಲಸಕ್ಕೆ ಜಗತ್ತಿನಲ್ಲಿ ಒಂದು ಹೆಸರಿದೆ, ಅದೂ ಮೂರು ಇಂಗ್ಲಿಷ್ ಶಬ್ದದ್ದು! ಆ ವಾರದ ಒಳಗೇ ಆಫೀಸಿನ ಬಾಗಿಲಿಗೆ ಬೋರ್ಡು ಬಂತು: “ಸದಾನಂದ, ಫಾರ್ಮಸಿ ಬೆನಿಫಿಟ್ ಮ್ಯಾನೇಜರ್.” ನಾನು ಬೈಗುಳವೆಂದು ಎಸೆದದ್ದನ್ನು ಅವರು ಬಿರುದೆಂದು ಹಿಡಿದುಕೊಂಡಿದ್ದರು.

ಬಿರುದು ಬಂದ ಮೇಲೆ ಲೈಸೆನ್ಸ್ ಬೇಡವೇ? ಗಾಜು ಹಾಕಿಸಿ ಗೋಡೆಗೆ ತೂಗುಹಾಕಲು ಆಫೀಸಿನಲ್ಲಿ ಜಾಗವನ್ನೂ ನೋಡಿಟ್ಟರು. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಳೆಯಲ್ಲಿ ಕೊಡೆ ಹಿಡಿದು, ಲೈಸೆನ್ಸ್ ಹುಡುಕಲು ಹೊರಟರು. ಮೊದಲು ಪಂಚಾಯತಿಗೆ. ಅಲ್ಲಿನ ಕಂಪ್ಯೂಟರಿನಲ್ಲಿ ಕೋಳಿ ಅಂಗಡಿ ಇತ್ತು, ಹಿಟ್ಟಿನ ಗಿರಣಿ ಇತ್ತು, ಜಿಮ್ ಇತ್ತು, ಮಾವ ಇರಲಿಲ್ಲ. ಗುಮಾಸ್ತರು ಮರುಕದಿಂದ, “ಕಮಿಷನ್ ಏಜೆಂಟ್ ಅಂತ ಹಾಕ್ಲಾ? ತೆಂಗಿನಕಾಯಿ, ಮೀನ್ ಎಲ್ಲ ಅದ್ರಲ್ಲೇ ಬತ್ತ್,” ಎಂದರಂತೆ. ಮಾವ ಸ್ವಾಭಿಮಾನದಿಂದ ಎದ್ದು ಬಂದರು. ಆಮೇಲೆ ಕುಂದಾಪುರದ ಒಂದು ವಿಮಾ ಕಚೇರಿಗೆ ಹೋದರು. ಲೈಸೆನ್ಸ್ ಕೇಳಲು ಹೋದವರು ಸಂಜೆ ಪಾಲಿಸಿ ಮಾಡಿಸಿಕೊಂಡು ಬಂದರು. 

ಕೊನೆಗೆ ಉಡುಪಿಗೆ, ಔಷಧ ನಿಯಂತ್ರಣದ ಕಚೇರಿಗೆ.

“ಮದ್ದು ಇಟ್ಟುಕೊಳ್ಳುತ್ತೀರಾ?” ಎಂದು ಕೇಳಿದರಂತೆ ಅಲ್ಲಿ.

“ಇಲ್ಲ.”

“ಮಾರುತ್ತೀರಾ?”

“ಇಲ್ಲ.”

“ತಯಾರು ಮಾಡುತ್ತೀರಾ?”

“ಅಯ್ಯೋ, ಇಲ್ಲ.”

“ಮತ್ತೆ ಇಲ್ಲಿಗೆ ಯಾಕೆ ಬಂದಿರಿ?”

ಇದಕ್ಕೆ ಮಾವ ಸಾಕಷ್ಟು ದೀರ್ಘವಾದ ಉತ್ತರವನ್ನೇ ಕೊಟ್ಟಿರಬೇಕು. ಯಾಕೆಂದರೆ ಕಚೇರಿಯವರು ಹೆಸರು, ವಿಳಾಸ, ಫೋನ್ ನಂಬರ್ ಬರೆಸಿಕೊಂಡು ಕಳಿಸಿದ್ದರು. ಮುಂದೆ ಕಾರ್ಡಿಗೆ ಸೇರದ ಒಬ್ಬ ಮೆಡಿಕಲ್‌ನವರು ಮಾವನ ಮೇಲೆ ದೂರು ಕೊಟ್ಟಾಗ, ಆ ಕಚೇರಿಗೆ ವಿಳಾಸ ಹುಡುಕುವ ಕಷ್ಟ ಬರಲಿಲ್ಲ.

ದೂರು ಇದ್ದದ್ದು ಕಪಾಟಿನ ಬಗ್ಗೆ. ನಮ್ಮ ಕಡೆ ಒಂದು ಪದ್ಧತಿ ಇದೆ: ಏನನ್ನು ಎಲ್ಲಿಗೆ ಕಳಿಸಬೇಕಾದರೂ ಬಸ್ಸಿಗೆ ಕೊಡುವುದು. ಮೋಟಾರು ಪಂಪಿನ ಬಿಡಿಭಾಗ, ಮದುವೆ ಕಾಗದ, ಮಲ್ಲಿಗೆ ಹೂವು, ಮರೆತು ಹೋದ ಹಲ್ಲಿನ ಸೆಟ್ಟು, ಎಲ್ಲವೂ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಕೂತು ಪ್ರಯಾಣ ಮಾಡುತ್ತವೆ. ಹಾಗೆಯೇ ಮದ್ದೂ. ಮಳೆಯಲ್ಲಿ ಕುಂದಾಪುರದವರೆಗೆ ಹೋಗಲಾರದವರು ಮೆಡಿಕಲ್‌ಗೆ ಫೋನ್ ಮಾಡಿದರೆ, ಅವರು ಪೊಟ್ಟಣ ಕಟ್ಟಿ, ಹೆಸರು ಬರೆದು, ಬಸ್ಸಿಗೆ ಕೊಡುತ್ತಿದ್ದರು. ಕಂಡಕ್ಟರ್ ಹೆಮ್ಮಾಡಿಯಲ್ಲಿ ಮಾವನ ಆಫೀಸಿಗೆ ಎಸೆದು ಹೋಗುತ್ತಿದ್ದ. ಮಾವ ಕಪಾಟಿನಲ್ಲಿ ಇಡುತ್ತಿದ್ದರು. ಬೇಕಾದವರು ಬಂದು ಒಯ್ಯುತ್ತಿದ್ದರು. ಮಳೆ ಜೋರಾದಷ್ಟೂ ಕಪಾಟು ತುಂಬುತ್ತಿತ್ತು. ಇಡೀ ಕೋಣೆ ಬಿ-ಕಾಂಪ್ಲೆಕ್ಸ್ ನಾರುತ್ತಿತ್ತು.

ನೋಟೀಸು ಬಂದಾಗ ಓದಿದವಳು ನಾನು. ಲೈಸೆನ್ಸ್ ಇಲ್ಲದೆ ಮಾರಾಟಕ್ಕಾಗಿ ಔಷಧ ದಾಸ್ತಾನು ಇಟ್ಟಿದ್ದಾರೆಂಬ ದೂರು. ಸ್ಥಳ ಪರಿಶೀಲನೆಗೆ ಬರುತ್ತೇವೆ, ಹಾಜರಿರಿ. ಕಾನೂನು ಪುಸ್ತಕ ತೆಗೆದು ನೋಡಿದೆ. ಆರೋಪ ಸಾಬೀತಾದರೆ ವರ್ಷಗಟ್ಟಲೆ ಜೈಲು, ಮೇಲಿಂದ ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾವ ಮಾತ್ರ ನೋಟೀಸಿನ ಮೇಲಿನ ಸರಕಾರಿ ಮೊಹರನ್ನು ಬಹಳ ಹೊತ್ತು ನೋಡಿದರು. ತನ್ನನ್ನು ಯಾವುದೋ ಒಂದು ಇಲಾಖೆ ಕೊನೆಗಾದರೂ ಗುರುತಿಸಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಊಟದ ಹೊತ್ತಿನಲ್ಲಿ ನಾನು ಅವರ ವಿರುದ್ಧ ಹೇಳಿದ್ದು ಬೇರೆ, ಈಗ ಅವರ ಪರ ನಿಲ್ಲಬೇಕಾದದ್ದು ಬೇರೆ. ಚರ್ಚಾಸ್ಪರ್ಧೆಯಲ್ಲಿ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿದವಳಿಗೆ ಇದೇನು ಮಹಾ? ಎರಡು ದಿನ ಕೂತು ವಾದ ಹೊಸೆದೆ.

“ಮಾವ, ಕೇಣಿ. ಮದ್ದ್ ಮಾರುವವ್ರಿಗೆ, ಮಾರುಕೆ ಅಂತ ಇಡುವವ್ರಿಗೆ ಲೈಸೆನ್ಸ್ ಬೇಕ್. ನೀವ್ ಎರಡೂ ಅಲ್ಲ. ಜನರ ಹತ್ರ ದುಡ್ಡ್ ತಕಂಡ್, ಕಾಯಿಲೆ ಬಂದ್ರೆ ಖರ್ಚ್ ನಾನ್ ಭರಿಸ್ತೆ ಅಂದ್ರೆ ವಿಮೆ. ನೀವ್ ಅದೂ ಹೇಳ್ಲಿಲ್ಲ. ಈ ದೇಶದ ಕಾನೂನಿಗೆ ನೀವ್ ಕಾಂಬುದೇ ಇಲ್ಲ. ಕಾಣದವ್ರನ್ನ ಹಿಡುಕೆ ಆತಿಲ್ಲ.”

“ಕಾಂಬುದೇ ಇಲ್ಯಾ? ನಾನ್ ಎಂತ ಭೂತವಾ?” ಮಾವನಿಗೆ ನಿಜಕ್ಕೂ ನೋವಾಯಿತು.

“ಜೈಲಿಗೆ ಹೋಪುದಕ್ಕಿಂತ ಭೂತ ಆಪುದ್ ಒಳ್ಳೇದ್. ಆದ್ರೆ ಆ ಕಪಾಟ್ ಖಾಲಿ ಮಾಡ್ಕ್.”

“ಅದ್ ದಾಸ್ತಾನ್ ಅಲ್ಲ ಹೆಣೆ. ಉಪಕಾರ.”

“ಉಪಕಾರ ಇಟ್ಟ ಕಪಾಟಿಗೂ ದಾಸ್ತಾನ್ ಇಟ್ಟ ಕಪಾಟಿಗೂ ಹೊರಗಿಂದ ವ್ಯತ್ಯಾಸ ಕಾಂತಿಲ್ಲ.”

ಅಣಕು ವಿಚಾರಣೆಯನ್ನೂ ಮಾಡಿದೆವು. ಅಮ್ಮ ಇನ್‌ಸ್ಪೆಕ್ಟರ್. ಅಮ್ಮ ಪ್ರಶ್ನೆ ಕೇಳಿದಳು. ಮಾವ ಗಂಟಲು ಸರಿಮಾಡಿಕೊಂಡು, ಸೃಷ್ಟಿಯ ಆದಿಯಿಂದ ಹಿಡಿದು ಉತ್ತರ ಶುರುಮಾಡಿದರು. “ಬರೀ ‘ಇಲ್ಲ’ ಅನ್ನಿ, ಮತ್ತೆ ಬಾಯಿ ಮುಚ್ಚಿ,” ಎಂದೆ. 

“ಅದ್ ಹ್ಯಾಂಗೆ ಆತ್ತ್? ಬರೀ ‘ಇಲ್ಲ’ ಅಂದ್ರೆ ಎದುರಿನವ್ರ್ ಮುಂದೆ ಎಂತ ಮಾತಾಡುದ್? ಪಾಪ ಅಲ್ದಾ? ಕೂಟದಲ್ಲಿ ಎದುರಿನವ್ರ್ ಮಾತಿಲ್ದೆ ಕೂತ್ರೆ ಪ್ರಸಂಗ ಅಲ್ಲಿಗೇ ನಿಲ್ತ್. ಅವ್ರಿಗೆ ಹಿಡ್ಕಂಬುಕೆ ಒಂದ್ ಎಳೆ ಬಿಟ್ ಕೊಡ್ಕ್. ಅದೇ ಅರ್ಥಧಾರಿಯ ಧರ್ಮ.”

“ಮಾವ, ಇದ್ ತಾಳಮದ್ದಳೆ ಅಲ್ಲ. ಇಲ್ಲಿ ಪ್ರಸಂಗ ನಿಲ್ಲುದೇ ನಮ್ಗೆ ಬೇಕಾದ್ದ್.”

ಪರಿಶೀಲನೆಯ ದಿನ ಮಳೆ ಎದುರಿನ ಹೆದ್ದಾರಿಯನ್ನೇ ಅಳಿಸಿಹಾಕುವಷ್ಟು ಜೋರು. ಹಿಂದಿನ ದಿನವೇ ಕಪಾಟು ಖಾಲಿ ಮಾಡಿಸಿ, ಒರೆಸಿ, ಒಳಗೆ ತಾಳಮದ್ದಳೆಯ ಹಳೇ ಕರಪತ್ರಗಳನ್ನು ತುಂಬಿಸಿಟ್ಟಿದ್ದೆ. ಕುಂದಾಪುರದ ಮೆಡಿಕಲ್‌ಗಳಿಗೆಲ್ಲ ಫೋನ್ ಮಾಡಿ, ಇವತ್ತೊಂದು ದಿನ ಬಸ್ಸಿಗೆ ಏನೂ ಕೊಡಬೇಡಿ ಎಂದು ಹೇಳಿದ್ದೆ. ಗುಲಾಬಿಯಕ್ಕ ಮಾತ್ರ ಬೆಳಿಗ್ಗೆಯಿಂದ ಪಿರಿಪಿರಿ ಹಚ್ಚಿದ್ದಳು.

“ನನ್ನ್ ಮಾತ್ರೆ ಮುಗ್ದ್ ಹೋಯ್ತ್. ಇವತ್ತ್ ಬತ್ತ್ ಅಂದಿದ್ರ್. ತಲೆ ತಿರುಗ್ತಿತ್ತ್ ನಂಗೆ.”

“ನಾಳಿಗೆ ಬತ್ತ್ ಗುಲಾಬಿಯಕ್ಕ. ಇವತ್ತ್ ಆಫೀಸರ್ ಬತ್ರ್.”

“ಆಫೀಸರ್ ಬಂದ್ರೆ ನನ್ನ್ ಸಕ್ಕರೆ ಒಂದ್ ದಿನ ರಜೆ ಮಾಡತ್ತಾ?” ಎಂದು ಕೇಳಿ, ಅವಳೇ ಕುಂದಾಪುರದ ಮೆಡಿಕಲ್ಲಿನ ಫಾರ್ಮಸಿಸ್ಟ್ ಗಣೇಶನಿಗೆ ಫೋನ್ ಹಚ್ಚಿ ಬೈದಳು. ಬೈಸಿಕೊಂಡ ಗಣೇಶ ನನ್ನ ಮಾತು ಮರೆತ. ಪೊಟ್ಟಣ ಕಟ್ಟಿ ಬಸ್ಸಿಗೆ ಕೊಟ್ಟ. 

ನಾವು ಜೀಪು ಬರುತ್ತದೆಂದು ಹೆದ್ದಾರಿ ನೋಡುತ್ತಿದ್ದೆವು. ಜೀಪು ಬರಲಿಲ್ಲ, ಬಸ್ಸು ಬಂತು. ಬಾಗಿಲಲ್ಲಿ ಕಂಡಕ್ಟರ್, “ಹ್ವಾಯ್, ಬೇಗ ಇಳೀರಿ, ಬೇಗ!” ಎಂದು ಕೂಗುತ್ತಿದ್ದ. ಒಬ್ಬರು ಹೆಂಗಸು ಇಳಿದರು. ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣ. ನೇರ ನಮ್ಮ ಬಾಗಿಲಿಗೆ ಬಂದು, ಕೊಡೆ ಮಡಚಿ, “ಆರಾಮ್ ಕಾರ್ಡ್ ಇದೇನಾ? ನಾನು ಡ್ರಗ್ಸ್ ಇನ್‌ಸ್ಪೆಕ್ಟರ್. ಇಲಾಖೆ ಗಾಡಿ ಕೆಟ್ಟು ನಿಂತಿದೆ, ಬಸ್ಸಲ್ಲಿ ಬಂದೆ,” ಎಂದರು. ಆಮೇಲೆ ಕೈಯಲ್ಲಿದ್ದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಏನೂ ಯೋಚಿಸದೆ, “ಇದನ್ನು ಇಲ್ಲಿಗೆ ಕೊಡಬೇಕಂತೆ. ಹೆಮ್ಮಾಡಿಗೆ ಟಿಕೆಟ್ ಕೇಳಿದ್ದೇ ಕಂಡಕ್ಟರ್ ನನ್ನ ಮಡಿಲಲ್ಲಿ ಹಾಕಿದ,” ಎಂದರು.

ಪೊಟ್ಟಣದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಗುಲಾಬಿ, ಗಂಗೊಳ್ಳಿ. ಮೆಡಿಕಲ್ಲಿನ ಮೊಹರೂ ಇತ್ತು. 

ಮೇಡಂ ಈಗ ಅದನ್ನು ಓದಿದರು. ನನಗೆ ಆ ಕ್ಷಣ ಆದ ಸಂತೋಷ ಯಾವ ಪರ್ಯಾಯ ಫಲಕ ಎತ್ತಿದಾಗಲೂ ಆಗಿರಲಿಲ್ಲ.

“ಮೇಡಂ,” ಎಂದೆ, ಆದಷ್ಟು ವಿನಯದಿಂದ, “ಮೇಜಿನ ಮೇಲಿರುವುದು ಔಷಧ ಅಂತ ಒಪ್ಪುತ್ತೀರಾ?”

“ಹಾಗೆ ಕಾಣುತ್ತದೆ.”

“ಇದನ್ನು ಈ ಕಚೇರಿಗೆ ತಂದವರು ಯಾರು?”

ಮೇಡಂ ಕಂಕುಳಿನ ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು.

“ದಾರಿಯಲ್ಲಿ ಯಾರೋ ಕೊಟ್ಟ ಪೊಟ್ಟಣವನ್ನು ಉಪಕಾರಕ್ಕೆ ಹಿಡಿದುಕೊಂಡು ಬರುವುದು ಅಪರಾಧವಾದರೆ, ಮೊದಲ ಆರೋಪಿ ಯಾರು? ಅಪರಾಧ ಅಲ್ಲವಾದರೆ, ನಮ್ಮ ಮಾವ ಮಾಡಿದ್ದೂ ಅಲ್ಲ.”

ಅವರು ಪೊಟ್ಟಣವನ್ನು ನೋಡಿದರು, ಕೊಡೆಯನ್ನು ನೋಡಿದರು, ಬಸ್ಸು ಹೋದ ದಿಕ್ಕನ್ನು ನೋಡಿದರು. ಅಷ್ಟರಲ್ಲಿ ಗುಲಾಬಿಯಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸಿ ಒಳಗೆ ಬಂದು ಕೈ ಚಾಚಿದಳು.

“ಅದ್ ನಂದ್ ಅಮ್ಮ. ಕೊಡಿ. ನಂಗೆ ಹೊತ್ತಾಯ್ತ್.”

ಮೇಡಂ ಪೊಟ್ಟಣದ ಮೇಲೆ ಕೈ ಇಟ್ಟರು, ತೆಗೆದರು. ಕೊಟ್ಟರೆ, ತನಿಖೆಗೆ ಬಂದವರೇ ಲೈಸೆನ್ಸ್ ಇಲ್ಲದ ಕೋಣೆಯಲ್ಲಿ ನಿಂತು ಮದ್ದು ಹಂಚಿದ ಹಾಗೆ. ಜಪ್ತಿ ಮಾಡಿದರೆ, ತಂದವರ ಜಾಗದಲ್ಲಿ ತನ್ನ ಹೆಸರನ್ನೇ ಬರೆಯಬೇಕು, ಎದುರಿನ ಹೆಂಗಸು ಇವತ್ತು ಮಾತ್ರೆಯಿಲ್ಲದೆ ಮನೆಗೆ ಹೋಗಬೇಕು. ಎದುರಾಳಿಗೆ ಮಾತಿಲ್ಲ. ಪ್ರಸಂಗ ನಿಂತಿತು. ಗೆದ್ದಿದ್ದೆವು.

ಆಗ ಮಾವ ಗಂಟಲು ಸರಿಮಾಡಿಕೊಂಡರು.

“ಮೇಡಂ, ನೀವ್ ಹೀಂಗೆ ಸುಮ್ನೆ ಇಪ್ಪುಕೆ ನಾನ್ ಬಿಡುದಿಲ್ಲ. ನಿಮ್ಮ ಪಕ್ಷದಲ್ಲಿ ಬೇಕಾದಷ್ಟ್ ಮಾತಿತ್ತ್. ನೀವ್ ಕೇಣ್ಕಾದ್ದ್ ಹೀಂಗೆ.” ಕುರ್ಚಿಯನ್ನು ಮೇಡಂ ಪಕ್ಕಕ್ಕೆ ಎಳೆದುಕೊಂಡು, ನನ್ನ ಕಡೆ ತಿರುಗಿ ಕೂತರು. “ಎಲೈ ಹೆಣೆ, ಇವತ್ತಿನ ಪೊಟ್ಟಣ ಮೇಡಂ ಕೈಲಿತ್ತ್, ಒಪ್ದೆ. ನಿನ್ನೆವರೆಗಿನ ಪೊಟ್ಟಣ ಯಾರ ಕಪಾಟಿನಲ್ಲಿತ್ತ್?”

“ಮಾವ!”

“ಎದುರು ಮಾತಾಡ್ಬೇಡ, ನಾನಿನ್ನೂ ಮುಗ್ಸಲಿಲ್ಲ. ಮೇಡಂ ತಂದದ್ದ್ ಒಂದ್ ಸಲ, ಗೊತ್ತಿಲ್ದೆ. ನಾನ್ ಇಟ್ಟದ್ದ್ ದಿನಾ, ಗೊತ್ತಿದ್ದೇ. ಎರಡೂ ಒಂದೇ ಅಂತ ಹೇಳುಕೆ ನಾಚ್ಕಿ ಆತಿಲ್ಯಾ ನಿಂಗೆ?”

ಮೇಡಂ ನನ್ನನ್ನೂ ಅವರನ್ನೂ ನೋಡಿ, “ಇವರು ಯಾರ ಕಡೆ?” ಎಂದು ಕೇಳಿದರು.

“ಅದು ಅವರಿಗೂ ಗೊತ್ತಿಲ್ಲ ಮೇಡಂ,” ಎಂದೆ. 

ಮಾವನಿಗೆ ಆವೇಶ ಏರಿತ್ತು. “ಇನ್ನೂ ಒಂದಿತ್ತ್. ಈ ಪೊಟ್ಟಣದೊಳಗೆ ಬೇರೆ ಯಾರದ್ದೋ ಮಾತ್ರೆ ಇದ್ರೆ? ಗುಲಾಬಿ ಅದನ್ನ್ ತಿಂದ್ ಬಿದ್ರೆ? ಯಾರನ್ನ್ ಕೇಂಬುದ್? ಮೆಡಿಕಲ್‌ನವ್ರ್ ಬಸ್ಸಿಗೆ ಕೊಟ್ಟೆ ಅಂಬ್ರ್. ಬಸ್ಸಿನವ ಆಫೀಸಿಗೆ ಕೊಟ್ಟೆ ಅಂಬ. ನಾನ್? ನಾನ್ ಕಾನೂನಿಗೆ ಕಾಂಬುದೇ ಇಲ್ಲ ಅಂತ ಈ ವಕೀಲ್ತಿಯೇ ಹೇಳಿದ್ದ್! ಮಾತ್ರೆ ಬದಲ್ ಮಾಡಿದವ ನಾನ್. ಅದ್ರಲ್ಲಿ ಒಂಚೂರ್ ನಂಗೆ ಬತ್ತ್. ಅವ್ಳಿಗೆ ಹೇಳ್ಲಿಲ್ಲ. ಕಾಣದವ್ರ್ ಯಾರೂ ಜವಾಬ್ ಕೊಡುದಿಲ್ಲ ಮೇಡಂ. ಅದಕ್ಕೇ ನಂಗೆ ಲೈಸೆನ್ಸ್ ಬೇಕ್ ಅಂದದ್ದ್. ಈಗ ನೀವ್ ಮಾತಾಡಿ.”

ಊಟದ ದಿನ ನಾನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ, ನನಗಿಂತ ಚೆನ್ನಾಗಿ, ತನ್ನ ವಿರುದ್ಧವೇ ಹೇಳಿ ಮುಗಿಸಿದ್ದರು. ಅದೆಲ್ಲ ನಾನೇ ನಂಬಿದ್ದ ಮಾತು. ಗುಲಾಬಿಯಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಒಂಚೂರ್ ಅಂದ್ರೆ ಎಷ್ಟ್?” ಎಂದು ಕೇಳಿದಳು. ಮಾವ ಹೇಳಿದರು. ಅವಳು ಮಾವನನ್ನು ಮೇಲಿಂದ ಕೆಳಗೆ ನೋಡಿದ ನೋಟದಲ್ಲಿ ಒಣಮೀನು ಇನ್ನಷ್ಟು ಒಣಗುವಂತಿತ್ತು.

ಮೇಡಂಗೆ ಮಾತು ವಾಪಸು ಬಂದಿತ್ತು. ಮೊದಲು ಕುಂದಾಪುರಕ್ಕೆ ಫೋನ್ ಮಾಡಿದರು. “ಮದ್ದು ಕೊಡಬೇಕಾದವರು ಫಾರ್ಮಸಿಸ್ಟ್. ನೀವೇ ಬಂದು ಇವರ ಕೈಗೆ ಕೊಡಿ. ಈಗಲೇ.”

ಆ ಕಡೆಯಿಂದ ಗಣೇಶನ ಅಳು ನಮಗೂ ಕೇಳಿಸಿತು. “ಮೇಡಂ, ನಾನ್ ಬಂದ್ರೆ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇಲ್ಲ ಅಂತ ಅದಕ್ಕೊಂದು ಕೇಸ್ ಆತ್ತಲ್ದಾ?”

“ಶಟರ್ ಎಳೆದು ಬನ್ನಿ.”

ಮುಂದಿನ ಬಸ್ಸಿಗೆ ಗಣೇಶ ಬಿಳಿ ಕೋಟು ತೊಟ್ಟೇ ಇಳಿದ. ಪೊಟ್ಟಣ ಬಿಚ್ಚಿ, ಡಾಕ್ಟರ ಚೀಟಿಯನ್ನು ಗುಲಾಬಿಯಕ್ಕನ ಹತ್ತಿರವೇ ಕೇಳಿ ಪಡೆದು, ಮಾತ್ರೆ ತಾಳೆ ನೋಡಿ, ಯಾವುದನ್ನು ಊಟಕ್ಕೆ ಮುಂಚೆ ಯಾವುದನ್ನು ಆಮೇಲೆ ಎಂದು ಹೇಳಿ, ಹೆದ್ದಾರಿಯ ಪಕ್ಕ, ಕೊಡೆಯ ಕೆಳಗೆ ನಿಂತು ಅವಳ ಕೈಗೆ ಕೊಟ್ಟ. ಮದ್ದು ಕಾನೂನುಬದ್ಧವಾಗಿ ಕೈ ದಾಟಿದ್ದನ್ನು ನೋಡಲು ಜಂಕ್ಷನ್ನಿನ ಜನವೆಲ್ಲ ಸೇರಿತ್ತು. ಗುಲಾಬಿಯಕ್ಕ ಅಲ್ಲೇ ಒಂದು ಮಾತ್ರೆ ನುಂಗಿ, ಗಂಗೊಳ್ಳಿ ಬಸ್ಸು ಹತ್ತಿದಳು. ಮೇಡಂ ಮಾವನ ಹೇಳಿಕೆ ಬರೆದುಕೊಂಡರು. ಅದು ಬರೆದು ಮುಗಿಯುವಾಗ ಅವರ ಪೆನ್ನಿನ ಇಂಕು ಖಾಲಿಯಾಯಿತು. 

ಆಮೇಲಿನ ದಿನಗಳು ಕೆಟ್ಟವು. ಮಾವನ ಹೇಳಿಕೆ ಅವರನ್ನು ಜೈಲಿಗೆ ಕಳಿಸಲು ಧಾರಾಳ ಸಾಕಿತ್ತು. ಅಮ್ಮ ನನ್ನ ಹತ್ತಿರ, “ನೀನಾದ್ರೂ ಅವ್ನ ಬಾಯಿ ಮುಚ್ಚಿಸ್ಲಿಲ್ಯಲೆ,” ಎಂದಳು. ಕಾರ್ಡಿನ ಕೆಲಸ ನಿಂತಿತ್ತು. ಫ್ಯಾಕ್ಟರಿಯ ಹೆಂಗಸರು ಬಂದು ಬೀಗ ನೋಡಿ ಹೋಗುತ್ತಿದ್ದರು. ಪೂರ್ತಿ ದರಕ್ಕೆ ಕೊಳ್ಳಲಾರದೆ ಕೆಲವರು ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನಲು ಶುರುಮಾಡಿದ್ದಾರೆಂಬ ಸುದ್ದಿ ಬಂತು. ಅದನ್ನು ಕೇಳಿದ ಮೇಲೆ ಮಾವ ಕೂಟಗಳಿಗೆ ಹೋಗುವುದನ್ನೂ ಬಿಟ್ಟರು. ಸಂಘಟಕರು ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಒಳಗೊಳಗೇ ಉಸಿರು ಬಿಟ್ಟರು. 

ಚೌತಿ ಹತ್ತಿರ ಬಂದಾಗ ಆದೇಶ ಬಂತು. ಕಪಾಟಿನ ವಿಷಯದಲ್ಲಿ ಎಚ್ಚರಿಕೆ: ಅಲ್ಲಿದ್ದದ್ದು ಮಾರಾಟಕ್ಕಿಟ್ಟ ಮದ್ದೆಂದು ಸಾಬೀತಾಗಿಲ್ಲ, ಆದರೆ ಇನ್ನು ಮುಂದೆ ಒಂದು ಗುಳಿಗೆಯನ್ನೂ ಇಡಕೂಡದು. ಕಾರ್ಡಿನ ವಿಷಯ: “ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.” ಅಮ್ಮ ಪಾಯಸಕ್ಕೆ ಇಟ್ಟಳು. ನಾನು ಗೆದ್ದೆ ಎಂದುಕೊಂಡೆ. ಮಾವ ಕಾಗದ ಹಿಡಿದುಕೊಂಡು ಜಗುಲಿಯಲ್ಲಿ ಕೂತೇ ಇದ್ದರು.

“ಬಿಟ್ಟೇ ಬಿಟ್ರ್ ಮಾರಾಯ್ತಿ,” ಎಂದರು. “ಅಷ್ಟೆಲ್ಲ ಹೇಳ್ದೆ. ಯಾರಿಗೂ ನಾನ್ ಬ್ಯಾಡ.”

ಮರುದಿನ ಬೀಗ ತೆಗೆಯಲು ಹೋದಾಗ ಗುಲಾಬಿಯಕ್ಕ ಫ್ಯಾಕ್ಟರಿಯ ಹೆಂಗಸರನ್ನು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಸದಾನಂದಣ್ಣ, ನಿಮ್ಗೆ ಲೈಸೆನ್ಸ್ ಅಲ್ದಾ ಬೇಕಾದ್ದ್? ಸರಕಾರ ಕೊಡುದಿಲ್ಲಂಬ್ರ್. ನಾವೇ ಕೊಡುವ. ಕೂಕಣಿ.”

ಮಾವ ಕೂತರು. ನಾನು ಪೆನ್ನು ತೆಗೆದೆ. ಗುಲಾಬಿಯಕ್ಕ ಪೆನ್ನು ಒಳಗಿಡಲು ಹೇಳಿದಳು. ಮರೆಯುವಂಥದ್ದು ಏನೂ ಇಲ್ಲವಂತೆ. ಮಾತ್ರೆಯ ಕಂಪೆನಿ ಬದಲಾಗುವುದಿದ್ದರೆ ಮೊದಲೇ ಬಂದು ಹೇಳಬೇಕು, ಡಾಕ್ಟರ ಹತ್ತಿರವೂ ಕೇಳಬೇಕು. ಮಾವನಿಗೆ ಅದರಲ್ಲಿ ಎಷ್ಟು ಬರುತ್ತದೆಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ವಾರಕ್ಕೊಮ್ಮೆ ಗಣೇಶನೋ ಇನ್ನೊಬ್ಬ ಫಾರ್ಮಸಿಸ್ಟೋ ಫ್ಯಾಕ್ಟರಿಗೇ ಬಂದು ಅವರವರ ಹೆಸರಿಗೆ ಬಿಲ್ಲು ಮಾಡಿದ ಮದ್ದನ್ನು ಅವರವರ ಕೈಗೆ ಕೊಡುವಂತೆ ಮಾವ ಏರ್ಪಾಡು ಮಾಡಬೇಕು. ಮಾವ ಪೊಟ್ಟಣ ಮುಟ್ಟಬಾರದು.

“ತಪ್ಪಿದರೆ ಎಷ್ಟು ದಂಡ?” ಎಂದು ಕೇಳಿದೆ. ದಂಡವಿಲ್ಲದ ಷರತ್ತು ಷರತ್ತೇ ಅಲ್ಲ.

“ದುಡ್ಡ್ ಬ್ಯಾಡ,” ಎಂದಳು ಗುಲಾಬಿಯಕ್ಕ. “ದುಡ್ಡ್ ಕೊಟ್ ಇವ್ರ್ ಮತ್ತೆ ಮಾತಾಡುಕೆ ಶುರುಮಾಡ್ತ್ರ್. ತಪ್ಪಿದ್ರೆ ಫ್ಯಾಕ್ಟರಿಗೆ ಬಂದ್ ಕೂಕಣ್ಕ್. ನಾವ್ ಎಲ್ಲ ಮಾತಾಡುದ್. ಮುಗಿವರೆಗೆ ಇವ್ರ್ ಬಾಯ್ ಬಿಡುಕಿಲ್ಲ. ಒಂದ್ ಮಾತ್ ಆಡಿದ್ರೆ ಮತ್ತೆ ಮೊದಲಿಂದ.”

ಮಾವನ ಮುಖದ ಬಣ್ಣ ಇಳಿಯಿತು. ಜೈಲಿನ ನೋಟೀಸು ಓದಿದ ದಿನ ಇಳಿಯದ ಬಣ್ಣ. ಆದರೂ ಒಪ್ಪಿದರು. 

ಒಂದು ತಿಂಗಳು ಸರಿಯಾಗಿ ನಡೆಯಿತು. ಆಮೇಲೆ ಬ್ರಹ್ಮಾವರದ ಸ್ಟಾಕಿಸ್ಟ್ ಬಿ.ಪಿ. ಮಾತ್ರೆಯ ಕಂಪೆನಿ ಬದಲಿಸಿದ್ದನ್ನು ಮಾವನಿಗೆ ಹೇಳಿದ; ಮಾವ ಅಂದೇ ಒಂದು ಕೂಟಕ್ಕೆ ಹೊರಟಿದ್ದವರು ಹೆಂಗಸರಿಗೆ ಹೇಳಲು ಮರೆತರು. ಗುಲಾಬಿಯಕ್ಕ ಕರೆಸಿದಳು. ಮಧ್ಯಾಹ್ನದ ಬಿಡುವಿನಲ್ಲಿ, ಗೇರುಬೀಜದ ಗೋಣಿಗಳ ನಡುವೆ ಮಾವ ಒಂದು ಸ್ಟೂಲಿನ ಮೇಲೆ ಕೂತರು. ವಕೀಲಳೆಂದು ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಒಬ್ಬೊಬ್ಬರೇ ಶುರುಮಾಡಿದರು. ಮಾತ್ರೆ ಬದಲಾದದ್ದು ಬಂತು, ಅದರಿಂದ ನಿದ್ದೆ ಕೆಟ್ಟದ್ದು ಬಂತು. ಅಲ್ಲಿಗೆ ನಿಲ್ಲದೆ, ಬೇಳೆಯ ದರ, ಬಸ್ಸಿನವನ ಸೊಕ್ಕು, ಅಳಿಯನ ಕುಡಿತ, ಎಲ್ಲವೂ ಮಾವನ ಲೆಕ್ಕಕ್ಕೇ ಬರತೊಡಗಿತು. ಮಾವನ ಕುತ್ತಿಗೆಯ ನರ ಉಬ್ಬಿತು. ಗಂಟಲಿನವರೆಗೆ ಬಂದದ್ದನ್ನು ಅವರು ನುಂಗುವುದು ಕಣ್ಣಿಗೆ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಒಂದು ನಿಮಿಷ. ಅಳಿಯನ ವಿಷಯ ಷರತ್ತಿನ ವ್ಯಾಪ್ತಿಗೆ ಬರುವುದಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಗುಲಾಬಿಯಕ್ಕ ಇನ್ನೊಂದು ಸ್ಟೂಲು ತಂದು ಮಾವನ ಪಕ್ಕಕ್ಕೆ ಇಟ್ಟಳು.

“ಕೂಕ ಹೆಣೆ. ಈಗ ಮೊದಲಿಂದ.”

ಕೂತೆ. ಆವತ್ತು ಮಳೆಯೂ ಬಿಟ್ಟಿತ್ತು. ತಗಡಿನ ಮಾಡಿನ ಮೇಲೆ ಒಂದು ಹನಿಯ ಸದ್ದೂ ಇಲ್ಲದ ಕಾರಣ, ಅವರು ಹೇಳಿದ್ದರಲ್ಲಿ ಒಂದು ಮಾತೂ ನಮ್ಮಿಬ್ಬರ ಕಿವಿ ತಪ್ಪಲಿಲ್ಲ.